ನಿಲುಗಡೆಯ ಲೆಕ್ಕ: 24 ಗಂಟೆಗಳ ಕಾರು ಓಟದಿಂದ ಸಣ್ಣ ಕೈಗಾರಿಕೆಗೆ ಕೆಲವು ಪಾಠಗಳು

ಉತ್ಪಾದನೆಯನ್ನು ಹೆಚ್ಚಿಸಬೇಕೆಂದಾಗ ನಮ್ಮ ಸಣ್ಣ ಉದ್ಯಮಿಗಳ ಮನಸ್ಸಿಗೆ ಮೊದಲು ತೋಚುವ ಉಪಾಯ ವೇಗ. ಇನ್ನಷ್ಟು ವೇಗದ ಯಂತ್ರ, ಅದಕ್ಕಾಗಿ ಇನ್ನೊಂದು ಸಾಲ, ಆ ಸಾಲಕ್ಕೆ ಇನ್ನೊಂದು ಕಂತು. ಆದರೆ ಮಾಲು ತಡವಾಗಿ ಗಿರಾಕಿಗೆ ದಂಡ ಕಟ್ಟಬೇಕಾಗಿ ಬಂದಾಗ, ಅಥವಾ ವರ್ಷಗಳಿಂದ ಬರುತ್ತಿದ್ದ ಜಾಬ್‌ವರ್ಕ್ ಬೇರೊಬ್ಬರ ಪಾಲಾದಾಗ ಕಾರಣವನ್ನು ಶೋಧಿಸಿ ನೋಡಿದರೆ, ಬಹುಪಾಲು ಸಂದರ್ಭಗಳಲ್ಲಿ ತಪ್ಪು ಯಂತ್ರದ ನಿಧಾನಗತಿಯದಾಗಿರುವುದಿಲ್ಲ. ಯಂತ್ರವು ಸುಮ್ಮನೆ ನಿಂತಿದ್ದ ಹೊತ್ತೇ ನಷ್ಟದ ಮೂಲವಾಗಿರುತ್ತದೆ. ಓಡುವ ಯಂತ್ರದ ಸದ್ದು ಎಲ್ಲರಿಗೂ ಕೇಳಿಸುತ್ತದೆ. ನಿಂತ ಯಂತ್ರದ ಮೌನವನ್ನು ಲೆಕ್ಕಪುಸ್ತಕದಲ್ಲಿ ಬರೆದಿಡುವವರು ವಿರಳ.

ಈ ಸತ್ಯವನ್ನು ಪ್ರತಿವರ್ಷವೂ ಲೋಕದ ಕಣ್ಣೆದುರಿಗೆ ತೆರೆದಿಡುವ ಒಂದು ಸ್ಪರ್ಧೆಯಿದೆ. ಅದೇ ಒಂದು ಹಗಲು ಮತ್ತು ಒಂದು ರಾತ್ರಿ ಎಡೆಬಿಡದೆ ನಡೆಯುವ 24 ಗಂಟೆಗಳ ಕಾರು ಓಟ. ಕ್ರೀಡೆಯ ದೃಷ್ಟಿಯಿಂದ ಅದನ್ನು ನೋಡಿ ಆನಂದಿಸುವವರು ಬಹಳ ಮಂದಿ. ಉದ್ಯಮಿಯ ದೃಷ್ಟಿಯಿಂದ ಅದನ್ನು ಅಭ್ಯಾಸ ಮಾಡುವುದು ಈ ಲೇಖನದ ಉದ್ದೇಶ.

ಓಟದ ಸ್ವರೂಪ

ಸಾಮಾನ್ಯ ಓಟದಲ್ಲಿ ದೂರವು ನಿಗದಿಯಾಗಿರುತ್ತದೆ. ಅದನ್ನು ಕಡಿಮೆ ಸಮಯದಲ್ಲಿ ಕ್ರಮಿಸಿದವನು ಗೆಲ್ಲುತ್ತಾನೆ. 24 ಗಂಟೆಗಳ ಓಟದಲ್ಲಿ ಇದು ತಿರುವುಮುರುವು. ಇಲ್ಲಿ ಸಮಯ ನಿಗದಿಯಾಗಿರುತ್ತದೆ. ಅಷ್ಟು ಸಮಯದಲ್ಲಿ ಹೆಚ್ಚು ದೂರ ಕ್ರಮಿಸಿದ ಕಾರು ಗೆಲ್ಲುತ್ತದೆ. ಕಾರು ಒಂದೇ, ಚಾಲಕರು ಸರದಿಯಂತೆ ಬದಲಾಗುತ್ತಾರೆ. ಇಂಧನಕ್ಕಾಗಿ, ಟಯರಿಗಾಗಿ, ದುರಸ್ತಿಗಾಗಿ ಪಿಟ್ಟಿನಲ್ಲಿ ನಿಂತ ಹೊತ್ತಿನಲ್ಲಿಯೂ ಗಡಿಯಾರ ಓಡುತ್ತಲೇ ಇರುತ್ತದೆ. ಕಾರ್ಖಾನೆಯ ಸ್ಥಿತಿಯೂ ಇದೇ ಅಲ್ಲವೇ? ಶಿಫ್ಟಿನ ಗಂಟೆಗಳು ನಿಗದಿಯಾಗಿವೆ. ಬಾಡಿಗೆ, ಬಡ್ಡಿ ಮತ್ತು ಸಂಬಳ ಯಂತ್ರ ನಿಂತರೂ ಓಡುತ್ತವೆ. ಬದಲಾಗುವುದು ಹೊರಬರುವ ಮಾಲಿನ ಸಂಖ್ಯೆ ಮಾತ್ರ.

ಈ ಬಗೆಯ ಓಟಗಳಲ್ಲಿ ಅಗ್ರಗಣ್ಯವಾದುದು ಫ್ರಾನ್ಸಿನ ಲ ಮಾನ್ ನಗರದ್ದು. ಅದು 1923ರ ಮೇ ತಿಂಗಳಿನಲ್ಲಿ ಆರಂಭವಾಯಿತು. ಆ ವರ್ಷ ಗೆದ್ದ ಕಾರು ಕ್ರಮಿಸಿದ ದೂರ ಸುಮಾರು 2,209 ಕಿ.ಮೀ. ಬೆಲ್ಜಿಯಂ ದೇಶದ ಸ್ಪಾ ಓಟ 1924ರಲ್ಲಿ ಹುಟ್ಟಿತು. ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್ ಓಟ 1970ರಲ್ಲಿ ಮೊದಲ್ಗೊಂಡಿತು. ಈ ಕೊನೆಯ ಓಟ ನಮ್ಮ ಓದುಗರಿಗೆ ವಿಶೇಷ ಆಸಕ್ತಿಯದು. ಸುಮಾರು 25 ಕಿ.ಮೀ. ಸುತ್ತಳತೆಯ ಆ ಹಾದಿಯಲ್ಲಿ ದೊಡ್ಡ ಕಂಪನಿಗಳ ಬೆಂಬಲ ಪಡೆದ ಸ್ಪೋರ್ಟ್ಸ್ ಕಾರುಗಳ ಜೊತೆಯಲ್ಲಿಯೇ, ಮನೆಮಂದಿ ಓಡಾಡುವ ಕಾರನ್ನು ಹೋಲುವ ಟೂರಿಂಗ್ ಕಾರುಗಳನ್ನು ಸಜ್ಜುಗೊಳಿಸಿಕೊಂಡ ಸಣ್ಣ ತಂಡಗಳೂ ಓಡುತ್ತವೆ. ಎಂಜಿನ್ ಮತ್ತು ಕಾರಿನ ಬಗೆಗೆ ತಕ್ಕಂತೆ ವರ್ಗಗಳಿರುವುದರಿಂದ ಸಣ್ಣ ತಂಡವು ದೊಡ್ಡ ತಂಡವನ್ನು ಸೋಲಿಸಬೇಕಾಗಿಲ್ಲ. ತನ್ನ ವರ್ಗದಲ್ಲಿ ಗೆದ್ದರೆ ಸಾಕು. ಸಣ್ಣ ಕೈಗಾರಿಕೆಯೂ ತನ್ನನ್ನು ಅಳೆದುಕೊಳ್ಳಬೇಕಾದುದು ತನ್ನ ವರ್ಗದ ಕೋಲಿನಿಂದಲೇ.

ಬೆಂಗಳೂರಿನ ನಂಟು

ಕರ್ನಾಟಕಕ್ಕೆ ಮೋಟಾರು ಕ್ರೀಡೆ ಹೊಸದಲ್ಲ. ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ಕೆ-1000 ರ್‍ಯಾಲಿ ದೇಶದ ಹೆಸರಾಂತ ರ್‍ಯಾಲಿಗಳಲ್ಲೊಂದು. 24 ಗಂಟೆಗಳ ಓಟದ ಮಟ್ಟಿಗೆ, 2012ರಲ್ಲಿ ಚೆನ್ನೈನ ಕರುಣ್ ಚಂದೋಕ್ ಲ ಮಾನ್‌ನಲ್ಲಿ ಓಡಿದ ಮೊದಲ ಭಾರತೀಯರೆನಿಸಿದರು. ಅವರಿದ್ದ ಕಾರು ಒಟ್ಟಾರೆ ಆರನೆಯ ಸ್ಥಾನ ಗಳಿಸಿತು. 2019ರಲ್ಲಿ ನಮ್ಮ ಬೆಂಗಳೂರಿನವರೇ ಆದ ಅರ್ಜುನ್ ಮೈನಿ ಅದೇ ಓಟದಲ್ಲಿ ಮೂವರು ಚಾಲಕರ ತಂಡದ ಸದಸ್ಯರಾಗಿ ಪಾಲ್ಗೊಂಡರು. 2021ರಲ್ಲಿ ಜರ್ಮನಿಯ ಡಿಟಿಎಂ ಸರಣಿಯನ್ನೂ ಪ್ರವೇಶಿಸಿದರು. 2025ರ ಜನವರಿಯಲ್ಲಿ ದುಬೈನ 24 ಗಂಟೆಗಳ ಓಟದಲ್ಲಿ ತಮಿಳು ನಟ ಅಜಿತ್ ಕುಮಾರರ ತಂಡ ತನ್ನ ವರ್ಗದಲ್ಲಿ ಮೂರನೆಯ ಸ್ಥಾನ ಪಡೆದ ಸುದ್ದಿ ಇಲ್ಲಿಯೂ ಮನೆಮಾತಾಯಿತು.

ಅರ್ಜುನ್ ಮೈನಿಯವರು ಬಂದ ಮನೆತನವನ್ನು ಇಲ್ಲಿ ನೆನೆಯುವುದು ಉಚಿತ. ನಿಖರ ಯಂತ್ರಭಾಗಗಳ ತಯಾರಿಕೆಗೆ ಹೆಸರಾದ ಬೆಂಗಳೂರಿನ ಮೈನಿ ಉದ್ಯಮ ಸಮೂಹದ ಕುಟುಂಬ ಅದು. 2001ರಲ್ಲಿ ಈ ನಗರದಿಂದ ಹೊರಬಂದ ರೇವಾ ವಿದ್ಯುತ್ ಕಾರಿನ ಹಿಂದಿದ್ದ ಚೇತನ್ ಮೈನಿಯವರೂ ಅದೇ ಕುಟುಂಬದವರು. ಮೈಕ್ರಾನ್ ಲೆಕ್ಕದಲ್ಲಿ ಲೋಹವನ್ನು ಕಡೆಯುವ ಶಿಸ್ತು ಮತ್ತು ದೀರ್ಘ ಓಟದ ಶಿಸ್ತು ಒಂದೇ ಮನೆಯಲ್ಲಿ ಕಾಣಿಸಿಕೊಂಡಿರುವುದು ಗಮನಾರ್ಹ.

ಮೊದಲನೆಯ ಪಾಠ: ವೇಗವೇ ಗೆಲುವಲ್ಲ

2010ರ ಲ ಮಾನ್ ಓಟ ಇದಕ್ಕೆ ಶ್ರೇಷ್ಠ ನಿದರ್ಶನ. ಅರ್ಹತಾ ಸುತ್ತಿನಲ್ಲಿ ಮೊದಲ ನಾಲ್ಕು ಸ್ಥಾನಗಳನ್ನೂ ಪೂಜೋ ಕಾರುಗಳೇ ಪಡೆದವು. ಒಂದು ಸುತ್ತಿನ ವೇಗದಲ್ಲಿ ಔಡಿ ಕಾರುಗಳು ಅವಕ್ಕೆ ಸಮನಾಗಿರಲಿಲ್ಲ. ಆದರೆ ಓಟದಲ್ಲಿ ಆ ನಾಲ್ಕು ಪೂಜೋಗಳಲ್ಲಿ ಒಂದೂ ಕೊನೆ ಮುಟ್ಟಲಿಲ್ಲ. ಒಂದು ಸಸ್ಪೆನ್ಷನ್ ಭಾಗದ ತೊಂದರೆಯಿಂದ ನಿಂತಿತು. ಉಳಿದ ಮೂರರ ಎಂಜಿನ್‌ಗಳು ಕೈಕೊಟ್ಟವು. ಮೊದಲ ಮೂರು ಸ್ಥಾನಗಳು ಔಡಿಯ ಪಾಲಾದವು. ಗೆದ್ದ ಕಾರು 397 ಸುತ್ತುಗಳಲ್ಲಿ 5,410 ಕಿ.ಮೀ.ಗೂ ಹೆಚ್ಚು ದೂರ ಕ್ರಮಿಸಿ, 1971ರಿಂದ ಉಳಿದುಬಂದಿದ್ದ ದೂರದ ದಾಖಲೆಯನ್ನು ಮುರಿಯಿತು.

ಇದರ ಹಿಂದಿನ ಗಣಿತವನ್ನು ಬಿಡಿಸಿ ನೋಡೋಣ. ಒಂದು ಕಾರು ಇನ್ನೊಂದಕ್ಕಿಂತ ಸುತ್ತಿಗೆ 2 ಸೆಕೆಂಡು ವೇಗವಾಗಿದೆಯೆಂದು ಇಟ್ಟುಕೊಳ್ಳಿ. 390 ಸುತ್ತುಗಳಲ್ಲಿ ಅದಕ್ಕೆ ದೊರೆಯುವ ಒಟ್ಟು ಲಾಭ 780 ಸೆಕೆಂಡು, ಅಂದರೆ 13 ನಿಮಿಷ. ಆ ವೇಗಕ್ಕಾಗಿ ಎಂಜಿನನ್ನು ಹಿಂಡಿ, ಅದರ ಫಲವಾಗಿ ಒಂದೇ ಒಂದು ಬಾರಿ 15 ನಿಮಿಷದ ಅನಿರೀಕ್ಷಿತ ದುರಸ್ತಿ ಬಂದರೆ, ಹಗಲಿರುಳು ಗಳಿಸಿದ್ದೆಲ್ಲವೂ ಹೋಗಿ ಎರಡು ನಿಮಿಷ ಸಾಲವಾಗುತ್ತದೆ. ಗಂಟೆಗೆ ಸರಾಸರಿ 225 ಕಿ.ಮೀ. ವೇಗದ ಆ ಓಟದಲ್ಲಿ ಒಂದು ನಿಮಿಷ ನಿಂತರೆ ಸುಮಾರು ಮುಕ್ಕಾಲು ಪಾಲು ಕಡಿಮೆ ನಾಲ್ಕಲ್ಲ, ಕಾಲು ಪಾಲು ಕಡಿಮೆ ನಾಲ್ಕು ಕಿ.ಮೀ. ಕಳೆದಂತೆ.

ಎರಡನೆಯ ಪಾಠ: ನಿಲ್ಲುವುದನ್ನೂ ಕಲಿಯಬೇಕು

ನಿಲ್ಲದೆ ಓಡುವ ಕಾರು ಯಾವುದೂ ಇಲ್ಲ. ಪ್ರಶ್ನೆಯಿರುವುದು ಎಷ್ಟು ಬಾರಿ ನಿಲ್ಲಬೇಕು, ಪ್ರತಿ ಬಾರಿ ಎಷ್ಟು ಹೊತ್ತು ಎಂಬುದರಲ್ಲಿ. 1998ರಲ್ಲಿ ನ್ಯೂರ್‌ಬರ್ಗ್‌ರಿಂಗ್ ಓಟವನ್ನು ಬಿಎಂಡಬ್ಲ್ಯು 320ಡಿ ಎಂಬ ಡೀಸೆಲ್ ಕಾರು ಗೆದ್ದಿತು. ಇಂಧನವನ್ನು ಮಿತವಾಗಿ ಬಳಸುವ ಕಾರಿಗೆ ಪಿಟ್ಟಿಗೆ ಬರುವ ಅಗತ್ಯವೂ ಕಡಿಮೆ. 2006ರಲ್ಲಿ ಲ ಮಾನ್‌ನಲ್ಲಿಯೂ ಮೊದಲ ಬಾರಿಗೆ ಡೀಸೆಲ್ ಕಾರು, ಔಡಿ ಆರ್10, ಗೆದ್ದಿತು.

ನಿಲುಗಡೆಯ ಅವಧಿಯನ್ನು ತಗ್ಗಿಸುವ ವಿದ್ಯೆಗೆ ಔಡಿ ಆರ್8 ಕಾರು ಮಾದರಿ. 2000ದಿಂದ 2005ರವರೆಗೆ ಐದು ಬಾರಿ ಲ ಮಾನ್ ಗೆದ್ದ ಈ ಕಾರಿನ ಹಿಂಭಾಗವನ್ನು ಗೇರ್‌ಬಾಕ್ಸ್ ಸಮೇತ ಕೆಲವೇ ನಿಮಿಷಗಳಲ್ಲಿ ಕಳಚಿ ಹೊಸದನ್ನು ಜೋಡಿಸುವಂತೆ ರೂಪಿಸಿದ್ದರು. ಗೇರ್‌ಬಾಕ್ಸ್ ಕೆಡುವುದೇ ಇಲ್ಲ ಎಂದು ಅವರು ನಂಬಲಿಲ್ಲ. ಕೆಟ್ಟರೆ ಏನು ಮಾಡಬೇಕೆಂಬುದನ್ನು ನಕ್ಷೆ ಬರೆಯುವಾಗಲೇ ನಿರ್ಧರಿಸಿದ್ದರು.

ಪಿಟ್ಟಿನ ಸಿಬ್ಬಂದಿಯ ಕೆಲಸವನ್ನು ಗಮನಿಸಿದರೆ ಇನ್ನೊಂದು ಅಂಶ ಹೊಳೆಯುತ್ತದೆ. ಕಾರು ಬಂದು ನಿಂತ ಮೇಲೆ ಟಯರ್ ಹುಡುಕುವವರು ಅಲ್ಲಿಲ್ಲ. ಟಯರ್, ಜ್ಯಾಕ್, ಉಪಕರಣ, ಮುಂದಿನ ಚಾಲಕ, ಎಲ್ಲವೂ ಕಾರು ಬರುವ ಮೊದಲೇ ತಮ್ಮ ತಮ್ಮ ಜಾಗದಲ್ಲಿರುತ್ತವೆ. ಜಪಾನಿನ ಶಿಗೆಯೊ ಶಿಂಗೊ ಅವರು ಕಾರ್ಖಾನೆಗಳಿಗೆ ಬೋಧಿಸಿದ ತತ್ತ್ವವೂ ಇದೇ. ಯಂತ್ರ ನಿಂತಾಗ ಮಾತ್ರ ಮಾಡಬಹುದಾದ ಕೆಲಸ ಒಂದು ಬಗೆ. ಯಂತ್ರ ಓಡುತ್ತಿರುವಾಗಲೇ ಮಾಡಿಟ್ಟುಕೊಳ್ಳಬಹುದಾದ ಕೆಲಸ ಇನ್ನೊಂದು ಬಗೆ. ಇವೆರಡನ್ನು ಬೇರ್ಪಡಿಸಿದ ಮಾತ್ರಕ್ಕೆ ಅರ್ಧ ಕೆಲಸವಾದಂತೆ. 1969ರಲ್ಲಿ ಟೊಯೋಟಾದ 1,000 ಟನ್ನಿನ ಪ್ರೆಸ್ಸಿನಲ್ಲಿ ಡೈ ಬದಲಿಸಲು ಹಿಡಿಯುತ್ತಿದ್ದ ನಾಲ್ಕು ಗಂಟೆಗಳನ್ನು ಅವರು ಮೊದಲು ಒಂದೂವರೆ ಗಂಟೆಗೂ, ಬಳಿಕ ಮೂರು ನಿಮಿಷಕ್ಕೂ ಇಳಿಸಿದರು.

ಮೂರನೆಯ ಪಾಠ: ಸಣ್ಣ ಭಾಗದ ದೊಡ್ಡ ಬೆಲೆ

2016ರ ಲ ಮಾನ್ ಓಟದಲ್ಲಿ ಟೊಯೋಟಾ ಕಾರೊಂದು 23 ಗಂಟೆ 50 ನಿಮಿಷಕ್ಕೂ ಹೆಚ್ಚು ಕಾಲ ಓಡಿ ಮುಂಚೂಣಿಯಲ್ಲಿತ್ತು. ಇನ್ನು ಕೆಲವೇ ನಿಮಿಷಗಳಿರುವಾಗ ಅದು ಶಕ್ತಿ ಕಳೆದುಕೊಂಡು ನಿಂತುಬಿಟ್ಟಿತು. ಪೋರ್ಷೆ ಕಾರು ಗೆದ್ದಿತು. ಟೊಯೋಟಾ ಕಾರು ಕೊನೆಯ ಸುತ್ತನ್ನು ನಿಯಮದ ಅವಧಿಯಲ್ಲಿ ಮುಗಿಸಲಾಗದೆ ಫಲಿತಾಂಶದ ಪಟ್ಟಿಯಿಂದಲೇ ಹೊರಗುಳಿಯಿತು. ಕಂಪನಿ ನಂತರ ತಿಳಿಸಿದ ಕಾರಣ: ಟರ್ಬೋದಿಂದ ಇಂಟರ್‌ಕೂಲರಿಗೆ ಹೋಗುವ ಗಾಳಿಯ ಕೊಳವೆಯ ಜೋಡಣೆಯಲ್ಲಿನ ದೋಷ. ಇಡೀ ಕಾರಿನ ಬೆಲೆಯ ಮುಂದೆ ಆ ಭಾಗದ ಬೆಲೆ ಲೆಕ್ಕಕ್ಕೇ ಬಾರದು.

ಆ ಸೋಲಿನ ನಂತರ ಟೊಯೋಟಾ ತಂಡ ಮಾಡಿದ ಕೆಲಸ ಅನುಕರಣೀಯ. 2018ರ ಓಟಕ್ಕೆ ಮುನ್ನ ಪರೀಕ್ಷಾ ಓಟಗಳಲ್ಲಿ ಬೇಕೆಂದೇ ತೊಂದರೆಗಳನ್ನು ಸೃಷ್ಟಿಸಿ, ಚಾಲಕರೂ ಮೆಕ್ಯಾನಿಕ್ಕುಗಳೂ ಅವನ್ನು ನಿಭಾಯಿಸುವ ಅಭ್ಯಾಸ ಮಾಡಿದರು. 2018ರಿಂದ 2022ರವರೆಗೆ ಸತತ ಐದು ವರ್ಷ ಗೆಲುವು ಅವರದಾಯಿತು. ಇದೇ ಟೊಯೋಟಾದ ಕಾರುಗಳು 1999ರ ಕೊನೆಯಿಂದ ಬಿಡದಿಯಲ್ಲಿ ತಯಾರಾಗುತ್ತಿವೆ. ಇಂತಹ ಗಿರಾಕಿಗಳು ತಮಗೆ ಭಾಗಗಳನ್ನು ಒದಗಿಸುವವರಿಂದ ನಿರೀಕ್ಷಿಸುವ ಶಿಸ್ತು ಎಂತಹದೆಂಬುದನ್ನು ಈ ಕತೆಯಿಂದಲೂ ಊಹಿಸಬಹುದು.

ನಾಲ್ಕನೆಯ ಪಾಠ: ಒಬ್ಬನೇ ಎಲ್ಲವನ್ನೂ ಮಾಡಲಾಗದು

1952ರಲ್ಲಿ ಪಿಯರ್ ಲೆವೆಗ್ ಎಂಬ ಫ್ರೆಂಚ್ ಚಾಲಕ ತನ್ನ ಟಾಲ್ಬೊ ಕಾರನ್ನು ಜೊತೆಗಾರನಿಗೆ ಒಪ್ಪಿಸದೆ ಸುಮಾರು 23 ಗಂಟೆಗಳ ಕಾಲ ಒಬ್ಬನೇ ಓಡಿಸಿದನು. ಎದುರಾಳಿಗಳಿಗಿಂತ ಹಲವು ಸುತ್ತು ಮುಂದಿದ್ದನು. ಓಟ ಮುಗಿಯಲು ಒಂದು ಗಂಟೆಗೆ ತುಸು ಹೆಚ್ಚು ಹೊತ್ತಿರುವಾಗ ಎಂಜಿನ್ ಕೆಟ್ಟಿತು. ಮೊದಲೆರಡು ಸ್ಥಾನಗಳು ಮರ್ಸಿಡಿಸ್ ಕಾರುಗಳಿಗೆ ದೊರೆತವು. ಅವನ ಸಾಹಸವನ್ನು ಮೆಚ್ಚದವರಿಲ್ಲ. ಆದರೆ ಪಟ್ಟಿಯಲ್ಲಿ ಅವನ ಹೆಸರಿಲ್ಲ. ಈಗಿನ ನಿಯಮದ ಪ್ರಕಾರ ಲ ಮಾನ್‌ನಲ್ಲಿ ಯಾವ ಚಾಲಕನೂ ಆರು ಗಂಟೆಗಳ ಅವಧಿಯಲ್ಲಿ ನಾಲ್ಕು ಗಂಟೆಗಿಂತ ಹೆಚ್ಚು, ಇಡೀ ಓಟದಲ್ಲಿ 14 ಗಂಟೆಗಿಂತ ಹೆಚ್ಚು ಓಡಿಸುವಂತಿಲ್ಲ.

ನಮ್ಮ ಸಣ್ಣ ವರ್ಕ್‌ಶಾಪುಗಳಲ್ಲಿ ಲೆವೆಗ್‌ಗಳಿಗೆ ಕೊರತೆಯಿಲ್ಲ. ಮಾಲೀಕರೇ ಸೆಟ್ಟಿಂಗ್ ಮಾಡುತ್ತಾರೆ, ಅವರೇ ಗಿರಾಕಿಯೊಡನೆ ಮಾತನಾಡುತ್ತಾರೆ, ಅವರೇ ರಾತ್ರಿ ಬಿಲ್ಲು ಬರೆಯುತ್ತಾರೆ. ಅಥವಾ ಒಬ್ಬ ಹಿರಿಯ ಆಪರೇಟರ್ ಇರುತ್ತಾರೆ. ಅವರು ಊರಿನ ಹಬ್ಬಕ್ಕೆ ಹೋದರೆ ಆ ಯಂತ್ರ ಮುಟ್ಟುವವರಿಲ್ಲ. 1948ರ ಕಾರ್ಖಾನೆ ಕಾಯಿದೆಯು ಐದು ಗಂಟೆಗಳ ಸತತ ದುಡಿಮೆಯ ಬಳಿಕ ಕನಿಷ್ಠ ಅರ್ಧ ಗಂಟೆಯ ವಿರಾಮವಿರಬೇಕೆಂದು ವಿಧಿಸಿದ್ದು ಕೇವಲ ಕರುಣೆಯಿಂದಲ್ಲ. ದಣಿದ ಕೈಯಿಂದ ಕೆಡುವ ಮಾಲಿನ ಬೆಲೆ ವಿರಾಮದ ಬೆಲೆಗಿಂತ ಹೆಚ್ಚು. ದಣಿದ ಕೈಗೇ ಪೆಟ್ಟಾದರೆ ಆ ನಷ್ಟವನ್ನು ರೂಪಾಯಿಗಳಲ್ಲಿ ಅಳೆಯಲೂ ಆಗದು.

ಐದನೆಯ ಪಾಠ: ಸುರಕ್ಷತೆ ತಡವಲ್ಲ

ಹಿಂದೆ ಲ ಮಾನ್ ಓಟವು ಚಾಲಕರು ರಸ್ತೆಯನ್ನು ಅಡ್ಡಲಾಗಿ ಓಡಿ ಬಂದು ಕಾರು ಹತ್ತುವುದರೊಂದಿಗೆ ಆರಂಭವಾಗುತ್ತಿತ್ತು. ಬೇಗ ಹೊರಡುವ ಆತುರದಲ್ಲಿ ಸೀಟುಬೆಲ್ಟನ್ನು ಸರಿಯಾಗಿ ಕಟ್ಟಿಕೊಳ್ಳದೆ ಹೋಗುವವರಿದ್ದರು. 1969ರಲ್ಲಿ ಬೆಲ್ಜಿಯಂನ ಜಾಕಿ ಇಕ್ಸ್ ಈ ಪದ್ಧತಿಯನ್ನು ಪ್ರತಿಭಟಿಸಿ, ಓಡದೆ ನಡೆದುಕೊಂಡೇ ಹೋಗಿ, ಬೆಲ್ಟನ್ನು ಸಾವಧಾನವಾಗಿ ಬಿಗಿದು, ಎಲ್ಲರಿಗಿಂತ ಹಿಂದೆ ಹೊರಟರು. ಮೊದಲನೆಯ ಸುತ್ತಿನಲ್ಲಿಯೇ ಜಾನ್ ವೂಲ್ಫ್ ಎಂಬ ಚಾಲಕ ಅಪಘಾತದಲ್ಲಿ ಮೃತರಾದರು. 24 ಗಂಟೆಗಳ ನಂತರ ಓಟವನ್ನು ಗೆದ್ದವರು, ನೂರು ಮೀಟರಿಗೆ ತುಸು ಹೆಚ್ಚಿನ ಅಂತರದಿಂದ, ಅದೇ ಇಕ್ಸ್ ಮತ್ತು ಅವರ ಜೊತೆಗಾರ ಜಾಕಿ ಆಲಿವರ್. ಮರುವರ್ಷದಿಂದ ಓಡಿ ಹತ್ತುವ ಪದ್ಧತಿಯೇ ನಿಂತುಹೋಯಿತು. ಪ್ರೆಸ್ಸಿನ ಗಾರ್ಡನ್ನು ಕಳಚಿಟ್ಟು ಮಾಲಿನ ಸಂಖ್ಯೆ ಹೆಚ್ಚಿಸಲು ಹೊರಡುವವರು ಈ ಪ್ರಸಂಗವನ್ನು ನೆನೆಯಬೇಕು.

ಜರಗನಹಳ್ಳಿಯ ಒಂದು ಲೆಕ್ಕ

ಇನ್ನು ಈ ಪಾಠಗಳನ್ನು ನಮ್ಮ ನೆಲಕ್ಕೆ ಇಳಿಸೋಣ. ಕನಕಪುರ ರಸ್ತೆಯಲ್ಲಿ ಸಾರಕ್ಕಿ ದಾಟಿ ಯಲಚೇನಹಳ್ಳಿಗೆ ಹೋಗುವ ಹಾದಿಯಲ್ಲಿ ಸಿಗುವ ಜರಗನಹಳ್ಳಿ ಒಂದು ಕಾಲಕ್ಕೆ ನಗರದ ಹೊರಗಿನ ಹಳ್ಳಿಯಾಗಿತ್ತು. ಇಂದು ಅದು ಜೆ.ಪಿ. ನಗರದೊಡನೆ ಬೆರೆತುಹೋಗಿದೆ, 2017ರಿಂದ ಮೆಟ್ರೊ ರೈಲೂ ಆ ರಸ್ತೆಯ ಮೇಲೆ ಹಾದುಹೋಗುತ್ತಿದೆ. ಇಂತಹ ಬಡಾವಣೆಯಲ್ಲಿ ಜಾಗದ ಬಾಡಿಗೆ ಏರುತ್ತದೆಯೇ ಹೊರತು ಇಳಿಯುವುದಿಲ್ಲ. ಎರಡನೆಯ ಯಂತ್ರವಿಡಲು ಸ್ಥಳವೂ ಸುಲಭವಾಗಿ ದೊರೆಯದು. ಆದುದರಿಂದ ಇರುವ ಯಂತ್ರದಿಂದಲೇ ಹೆಚ್ಚು ಪಡೆಯುವುದು ಇಲ್ಲಿ ಬದುಕಿನ ಪ್ರಶ್ನೆ.

ಉದಾಹರಣೆಗಾಗಿ ಇಲ್ಲಿ ಒಂದು ಸಿಎನ್‌ಸಿ ಲೇತ್ ಇರುವ ವರ್ಕ್‌ಶಾಪನ್ನು ಕಲ್ಪಿಸಿಕೊಳ್ಳಿ. ದಿನಕ್ಕೆ ಎಂಟು ಗಂಟೆಗಳ ಎರಡು ಶಿಫ್ಟು, ಅಂದರೆ 960 ನಿಮಿಷ. ದಿನಕ್ಕೆ ಮೂರು ಬಾರಿ ಸೆಟ್ಟಿಂಗ್ ಬದಲಾವಣೆ. ಪ್ರತಿ ಬಾರಿ 50 ನಿಮಿಷದಂತೆ 150 ನಿಮಿಷ ಯಂತ್ರ ನಿಲ್ಲುತ್ತದೆ. ಉಳಿದ 810 ನಿಮಿಷಗಳಲ್ಲಿ, ಒಂದು ಭಾಗಕ್ಕೆ 4 ನಿಮಿಷದಂತೆ, 202 ಭಾಗಗಳು ಹೊರಬರುತ್ತವೆ.

ಮಾಲೀಕರ ಮುಂದೆ ಎರಡು ದಾರಿಗಳಿವೆ. ಮೊದಲನೆಯದು, ವೇಗ ಹೆಚ್ಚಿಸಿ ಒಂದು ಭಾಗದ ಸಮಯವನ್ನು 3.8 ನಿಮಿಷಕ್ಕೆ ತರುವುದು. ಆಗ 213 ಭಾಗಗಳು ದೊರೆಯುತ್ತವೆ. ಆದರೆ ಆ ವೇಗಕ್ಕೆ ಟೂಲ್ ಬೇಗ ಸವೆದು, ದಿನಕ್ಕೊಮ್ಮೆ ಮುರಿದು, 45 ನಿಮಿಷ ಯಂತ್ರ ನಿಂತರೆ ಉಳಿಯುವುದು 765 ನಿಮಿಷ. ಹೊರಬರುವುದು 201 ಭಾಗ. ಮೊದಲಿದ್ದುದಕ್ಕಿಂತ ಒಂದು ಕಡಿಮೆ. ಟೂಲಿನ ಖರ್ಚು ಬೇರೆ. ಇದು ಪೂಜೋ ದಾರಿ.

ಎರಡನೆಯದು, ವೇಗವನ್ನು ಮುಟ್ಟದೆ ಸೆಟ್ಟಿಂಗ್ ಸಮಯವನ್ನು 50ರಿಂದ 20 ನಿಮಿಷಕ್ಕೆ ಇಳಿಸುವುದು. ಮುಂದಿನ ಕೆಲಸದ ಡ್ರಾಯಿಂಗ್, ಜಾ, ಟೂಲ್, ಗೇಜ್ ಮತ್ತು ಕಚ್ಚಾ ಮಾಲನ್ನು ಹಿಂದಿನ ಕೆಲಸ ಓಡುತ್ತಿರುವಾಗಲೇ ಒಂದು ಟ್ರಾಲಿಯಲ್ಲಿ ಜೋಡಿಸಿಡುವುದು. ಆಗ ನಿಲುಗಡೆ ದಿನಕ್ಕೆ 60 ನಿಮಿಷ ಮಾತ್ರ. ಉಳಿದ 900 ನಿಮಿಷಗಳಲ್ಲಿ 225 ಭಾಗಗಳು. ಸಾಲವಿಲ್ಲ, ಹೊಸ ಯಂತ್ರವಿಲ್ಲ, 23 ಭಾಗಗಳು ಹೆಚ್ಚು. ಇದು ಪಿಟ್ಟಿನ ದಾರಿ.

ಗ್ಯಾರೇಜು ನಡೆಸುವವರಿಗೂ ಇದೇ ಲೆಕ್ಕ ಅನ್ವಯಿಸುತ್ತದೆ. ಅಲ್ಲಿ ಯಂತ್ರದ ಬದಲು ಲಿಫ್ಟು. ಒಂದು ಬೇರಿಂಗ್ ಬರುವವರೆಗೆ ಲಿಫ್ಟಿನ ಮೇಲೆಯೇ ನಿಂತ ಕಾರು ಎಷ್ಟು ಗಿರಾಕಿಗಳನ್ನು ಹಿಂದಕ್ಕೆ ಕಳುಹಿಸಿತೆಂಬುದನ್ನು ಬರೆದಿಟ್ಟರೆ ಭಾಗವನ್ನು ಮೊದಲೇ ತರಿಸಿ, ಆಮೇಲೆ ಕಾರನ್ನು ಬಿಚ್ಚುವ ಪದ್ಧತಿಯ ಬೆಲೆ ತಾನಾಗಿ ತಿಳಿಯುತ್ತದೆ.

ಸದಸ್ಯರು ಮಾಡಿ ನೋಡಬಹುದಾದ ಅಭ್ಯಾಸ

ಇದಕ್ಕೆ ಬೇಕಾದುದು ಒಂದು ನೋಟುಪುಸ್ತಕ ಮತ್ತು ಒಂದು ಗೋಡೆ ಗಡಿಯಾರ. ಕ್ರಮ ಹೀಗಿರಲಿ.

1. ನಿಮ್ಮಲ್ಲಿರುವ ಯಂತ್ರಗಳಲ್ಲಿ ಅತಿ ಹೆಚ್ಚು ಕೆಲಸ ಕಾಯುತ್ತಿರುವ ಒಂದನ್ನು ಮಾತ್ರ ಆರಿಸಿಕೊಳ್ಳಿ.

2. ಎರಡು ವಾರಗಳ ಕಾಲ ಅದು ಐದು ನಿಮಿಷಕ್ಕಿಂತ ಹೆಚ್ಚು ನಿಂತಾಗಲೆಲ್ಲ ನಿಂತ ವೇಳೆ, ಹೊರಟ ವೇಳೆ ಮತ್ತು ಕಾರಣವನ್ನು ಆಪರೇಟರರಿಂದಲೇ ಬರೆಸಿ. ಬರೆದುದಕ್ಕಾಗಿ ಯಾರನ್ನೂ ಗದರಿಸಬೇಡಿ. ಗದರಿಸಿದ ಮರುದಿನದಿಂದ ಪುಸ್ತಕ ಸುಳ್ಳು ಹೇಳತೊಡಗುತ್ತದೆ.

3. ಕಾರಣಗಳನ್ನು ನಾಲ್ಕು ಗುಂಪು ಮಾಡಿ: ಸೆಟ್ಟಿಂಗ್, ಕೆಟ್ಟುಹೋಗಿದ್ದು, ಮಾಲಿಗಾಗಿ ಅಥವಾ ಉಪಕರಣಕ್ಕಾಗಿ ಕಾದದ್ದು, ವಿದ್ಯುತ್ ಇಲ್ಲದ್ದು. ಪ್ರತಿ ಗುಂಪಿನ ನಿಮಿಷಗಳನ್ನು ಕೂಡಿಸಿ.

4. ಅತಿ ದೊಡ್ಡ ಮೊತ್ತವಿರುವ ಗುಂಪನ್ನು ಮೊದಲು ಕೈಗೆತ್ತಿಕೊಳ್ಳಿ. ಯಂತ್ರ ಓಡುವಾಗಲೇ ಮಾಡಿಟ್ಟುಕೊಳ್ಳಬಹುದಾಗಿದ್ದ ಕೆಲಸ ಅದರಲ್ಲಿ ಯಾವುದೆಂದು ನೋಡಿ.

5. ಕಡಿಮೆ ಬೆಲೆಯದಾದರೂ ಕೆಟ್ಟರೆ ಇಡೀ ಯಂತ್ರವನ್ನು ನಿಲ್ಲಿಸುವ ಭಾಗಗಳ ಪಟ್ಟಿ ಮಾಡಿ. ಬೆಲ್ಟು, ಸೀಲು, ಫ್ಯೂಸು, ಸೆನ್ಸರು ಇಂತಹವುಗಳ ಒಂದೊಂದು ಬಿಡಿಭಾಗವನ್ನು ಕಪಾಟಿನಲ್ಲಿಡಿ. ಕೆಡುವ ಮೊದಲೇ ಬದಲಿಸುವ ದಿನವನ್ನು ಗೊತ್ತುಮಾಡಿ.

6. ಆ ಯಂತ್ರದ ಸೆಟ್ಟಿಂಗನ್ನು ಎರಡನೆಯ ವ್ಯಕ್ತಿಯೊಬ್ಬರಿಗೆ ಕಲಿಸಿ. ಶಿಫ್ಟು ಬದಲಾಗುವಾಗ ಹೊರಡುವವರು ಬರುವವರಿಗೆ ಯಂತ್ರದ ಸ್ಥಿತಿಯನ್ನು ಬಾಯಿಮಾತಿನಲ್ಲಿಯೂ ಪುಸ್ತಕದಲ್ಲಿಯೂ ತಿಳಿಸುವುದು ಕಡ್ಡಾಯವಾಗಲಿ. ಓಟದಲ್ಲಿಯೂ ಇಳಿಯುವ ಚಾಲಕ ಬ್ರೇಕು ಹೇಗಿದೆ, ಟಯರು ಹೇಗಿದೆ ಎಂಬುದನ್ನು ತಂಡಕ್ಕೆ ತಿಳಿಸದೆ ಹೋಗುವುದಿಲ್ಲ.

ಮೊದಲ ಎರಡು ವಾರಗಳ ಮೊತ್ತವನ್ನು ನೋಡಿದಾಗ ಹಲವರಿಗೆ ಅದು ನಂಬಲಾಗದಷ್ಟು ದೊಡ್ಡದೆನಿಸಬಹುದು. ಆದರೆ ಆ ನಿಮಿಷಗಳು ಹೊಸದಾಗಿ ಹುಟ್ಟಿದವಲ್ಲ. ಇದುವರೆಗೂ ಲೆಕ್ಕಕ್ಕೆ ಸಿಗದೆ ಹೋಗುತ್ತಿದ್ದವು, ಅಷ್ಟೆ. ಬ್ಯಾಂಕಿನಲ್ಲಿ ಹೊಸ ಯಂತ್ರಕ್ಕೆ ಸಾಲದ ಅರ್ಜಿ ಹಾಕುವ ಮುನ್ನ ಈ ಮೊತ್ತವನ್ನು ಒಮ್ಮೆ ಎದುರಿಗಿಟ್ಟುಕೊಳ್ಳುವುದು ಲೇಸು. ಅದರ ಅರ್ಧವನ್ನು ಉಳಿಸಿಕೊಂಡರೂ ಎಷ್ಟು ಮಾಲು ಹೆಚ್ಚುತ್ತದೆಯೆಂದು ಲೆಕ್ಕ ಹಾಕಿ, ನಂತರವೂ ಹೊಸ ಯಂತ್ರ ಅಗತ್ಯವೆನಿಸಿದರೆ ಧೈರ್ಯವಾಗಿ ಕೊಳ್ಳಿರಿ. ಆಗ ಅದನ್ನು ನಿಲ್ಲಿಸದೆ ಓಡಿಸುವ ವಿದ್ಯೆಯೂ ನಿಮ್ಮ ಕೈಯಲ್ಲಿರುತ್ತದೆ.